ಅಸಂಗತ ಹಾಸ್ಯದ ಚಿತ್ರಕಥೆ: ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಮಿಡಿ ಬರೆಯುವ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚೂಕಮ್ಮಿ ಇವೇ. ಅರ್ಧ ಬರವಣಿಗೆಯವು, ಅರ್ಧ ದುಡ್ಡಿನವು. ಕನ್ನಡ ಸಿನಿಮಾವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಉತ್ತರ ಬರೆದಿದ್ದೇನೆ.

ಅಸಂಗತ ಹಾಸ್ಯ ಅಂದ್ರೆ ತಲೆಬುಡ ಇಲ್ಲದ ಕಾಮಿಡಿನಾ?

ಅಲ್ಲ. ತಲೆಬುಡ ಇಲ್ಲದ್ದನ್ನು ಬರೆಯೋದು ಸುಲಭ, ಕೂತು ನೋಡೋದು ಕಷ್ಟ. ಏನು ಬೇಕಾದರೂ ಆಗಬಹುದು ಅನ್ನುವ ಜಗತ್ತಿನಲ್ಲಿ ಏನಾದರೂ ಯಾರಿಗೂ ಆಶ್ಚರ್ಯವಿಲ್ಲ. ಹತ್ತು ನಿಮಿಷಕ್ಕೆ ಜನ ಮೊಬೈಲ್ ತೆಗೆಯುತ್ತಾರೆ.

ಅಸಂಗತ ಹಾಸ್ಯದಲ್ಲಿ ಹುಚ್ಚು ಒಂದೇ ಒಂದು ಇರಬೇಕು. ಮಿಕ್ಕಿದ್ದೆಲ್ಲ ನೆಟ್ಟಗೆ, ರೂಲ್ಸ್ ಪ್ರಕಾರ ನಡೆಯಬೇಕು. ಒಂದು ಉದಾಹರಣೆ ಇಟ್ಟುಕೊಳ್ಳೋಣ, ಕೊನೆವರೆಗೂ ಅದನ್ನೇ ಬಳಸುತ್ತೇನೆ. ಒಂದು ತಾಲ್ಲೂಕು ಬಸ್ ನಿಲ್ದಾಣ. ವಿಚಾರಣೆ ಕೌಂಟರ್‌ನಲ್ಲಿ ಕೂತ ಕಂಟ್ರೋಲರ್ ನಾಳೆ ಕೇಳುವ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತಾರೆ. ಇವತ್ತಿನ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇಲ್ಲ. ಹುಚ್ಚು ಇಷ್ಟೇ. ಬಸ್ಸು ಎಂದಿನಂತೆ ತಡವಾಗಿಯೇ ಬರುತ್ತದೆ. ಟೀ ಅಂಗಡಿಯವನು ಚಿಲ್ಲರೆ ಇಲ್ಲ ಅನ್ನುತ್ತಾನೆ. ಡಿಪೋ ಮ್ಯಾನೇಜರ್ ಮೆಮೊ ಕೊಡುತ್ತಾರೆ.

ಈ ಊರಲ್ಲಿ ಯಾರೂ "ನಾಳೆದು ಇವರಿಗೆ ಹೇಗೆ ಗೊತ್ತು?" ಅಂತ ಕೇಳುವುದಿಲ್ಲ. "ಇವತ್ತಿಂದು ಯಾಕೆ ಹೇಳಲ್ಲ, ಸಂಬಳ ತಗೊಳ್ಳಲ್ವಾ?" ಅಂತ ಜಗಳಕ್ಕೆ ಬರುತ್ತಾರೆ. ಸಿನಿಮಾ ಇರೋದು ಈ ಜಗಳದಲ್ಲಿ.

ಇದು ಹೊರದೇಶದಿಂದ ಬಂದ ಸರಕಲ್ವಾ? ನಮ್ಮ ಜನಕ್ಕೆ ಅರ್ಥ ಆಗುತ್ತಾ?

ಹೊರಗಿನ ಚರಿತ್ರೆ ಇದೆ, ಸರಿ. ಪ್ಯಾರಿಸ್ಸಿನಲ್ಲಿ ಅಯನೆಸ್ಕೊ 1950ರಲ್ಲಿ, ಬೆಕೆಟ್ 1953ರಲ್ಲಿ ರಂಗದ ಮೇಲೆ ತಂದ ನಾಟಕಗಳಿಗೆ ವಿಮರ್ಶಕ ಮಾರ್ಟಿನ್ ಎಸ್ಲಿನ್ 1960ರ ಹೊತ್ತಿಗೆ 'ಥಿಯೇಟರ್ ಆಫ್ ದಿ ಅಬ್ಸರ್ಡ್', ಅಂದರೆ ಅಸಂಗತ ರಂಗಭೂಮಿ, ಅಂತ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಚಂದ್ರಶೇಖರ ಪಾಟೀಲ, ಚಂದ್ರಕಾಂತ ಕುಸನೂರ ಮೊದಲಾದವರು ಅಸಂಗತ ನಾಟಕ ಬರೆದರು. ಆಡಿದವರೂ ಇದ್ದರು, ನೋಡಿದವರೂ ಇದ್ದರು.

ಆದರೆ ನನ್ನನ್ನು ಕೇಳಿದರೆ ಅಷ್ಟು ದೂರ ಹೋಗುವುದೇ ಬೇಡ. ಕೋಳಿ ಕೋಡಗವನ್ನು, ಆಡು ಆನೆಯನ್ನು ನುಂಗುವ ಶಿಶುನಾಳ ಶರೀಫರ ಹಾಡನ್ನು ನಾವು ಚಿಕ್ಕಂದಿನಿಂದ ಹಾಡಿಕೊಂಡು ಬಂದಿದ್ದೇವೆ. ಆಡಿನ ಗಂಟಲು ಎಷ್ಟಗಲ ಅಂತ ಯಾರೂ ತಕರಾರು ತೆಗೆದಿಲ್ಲ. ಒಗಟಿನಂಥ ಅಲ್ಲಮನ ಬೆಡಗಿನ ವಚನ, ಕನಕದಾಸರ ಮುಂಡಿಗೆ ಎಲ್ಲ ಇದೇ ದಾರಿಯವು. ಅವುಗಳ ಒಳಗೆ ತತ್ವ ಇದೆ, ಸುಮ್ನೆ ತಮಾಷೆಗೆ ಬರೆದದ್ದಲ್ಲ ಅನ್ನುವುದು ನಿಜ. ನನ್ನ ಮಾತು ಕೇಳುವವರ ಬಗ್ಗೆ. ಆಗದ್ದನ್ನು ಆಯಿತು ಅಂದರೆ ಒಪ್ಪಿಕೊಂಡು ಮುಂದೇನು ಅಂತ ಕೇಳುವ ಕಿವಿ ನಮಗೆ ಮೊದಲಿಂದ ಇದೆ. ಯಕ್ಷಗಾನದ ಹಾಸ್ಯಗಾರ ಪುರಾಣದ ಮಧ್ಯೆ ಊರ ಪಂಚಾಯ್ತಿ ಸುದ್ದಿ ಎತ್ತಿದರೆ ಸಭೆಗೆ ಗೊಂದಲ ಆಗುತ್ತದೆಯೇ? ನಗುತ್ತದೆ.

"ನಮ್ಮ ಆಡಿಯನ್ಸ್‌ಗೆ ಅರ್ಥ ಆಗಲ್ಲ" ಅನ್ನುವ ಮಾತನ್ನು ನಾನು ಪ್ರೇಕ್ಷಕರ ಬಾಯಲ್ಲಿ ಕೇಳಿಲ್ಲ. ಅದು ಯಾವಾಗಲೂ ಎಸಿ ರೂಮಿನಲ್ಲಿ ಕೂತವರ ಬಾಯಲ್ಲೇ ಬರುತ್ತದೆ.

ನನ್ನ ಐಡಿಯಾ ಸಿನಿಮಾಕ್ಕೆ ಸಾಲುತ್ತಾ, ರೀಲ್ಸ್‌ಗೆ ಮಾತ್ರನಾ ಅಂತ ಹೇಗೆ ಗೊತ್ತಾಗುತ್ತೆ?

ಅದೇ ನಿಯಮವನ್ನು ಬೇರೆ ಬೇರೆ ಜನರ ಮೇಲೆ ಹಾಕಿ ನೋಡಿ. ಎಲ್ಲರಿಗೂ ಒಂದೇ ತರಹದ ಪೇಚು ಬಂದರೆ ಅದು ಎರಡು ನಿಮಿಷದ ಸರಕು. ಒಬ್ಬೊಬ್ಬರಿಗೆ ಒಂದೊಂದು ಫಜೀತಿ ಹುಟ್ಟಿದರೆ ಸಿನಿಮಾ ಇದೆ.

ನಮ್ಮ ಕೌಂಟರ್‌ಗೆ ಒಬ್ಬ ಮದುವೆ ದಲ್ಲಾಳಿ ಬರುತ್ತಾರೆ ಅಂದುಕೊಳ್ಳಿ. "ಹುಡುಗಿ ಮನೆಯವರು ಒಪ್ಪಿಲ್ಲ, ವಾಪಸ್ ಬಸ್ ಎಂಟೂವರೆಗೆ" ಅಂತ ಉತ್ತರ ಸಿಗುತ್ತದೆ. ದಲ್ಲಾಳಿ ಹೆಣ್ಣು ನೋಡಲು ಹೋಗುವುದನ್ನೇ ಬಿಡುತ್ತಾರೆ. ಹಾಗಾದರೆ ನಾಳೆ ಅವರು ವಾಪಸ್ ಬಸ್ ಕೇಳುವುದೇ ಇಲ್ಲವಲ್ಲ, ಮತ್ತೆ ಕಂಟ್ರೋಲರ್ ಕೊಟ್ಟ ಉತ್ತರ ಯಾವ ಪ್ರಶ್ನೆಗೆ? ಈಗ ಕಂಟ್ರೋಲರ್ ಮೇಲೆ ಸುಳ್ಳು ಮಾಹಿತಿ ಕೊಟ್ಟ ದೂರು. ವಿಚಾರಣೆ ಅಧಿಕಾರಿ ಬರುತ್ತಾರೆ. ಅವರ ಪ್ರಶ್ನೆಗಳಿಗೆಲ್ಲ ಉತ್ತರ ನಿನ್ನೆಯೇ ಕೊಟ್ಟಾಗಿದೆ, ಯಾರೋ ತರಕಾರಿ ಮಾರುವವಳಿಗೆ.

ಇನ್ನೊಬ್ಬ ಅಜ್ಜ ಬರುತ್ತಾರೆ. ಕಂಟ್ರೋಲರ್ ರಿಜಿಸ್ಟರ್ ನೋಡಿ, "ನಿಮ್ಮದು ನಾಳೆ ಏನೂ ಇಲ್ಲ" ಅನ್ನುತ್ತಾರೆ. ಅಜ್ಜನಿಗೆ ನಾಳೆ ಕೇಳುವುದಕ್ಕೆ ಒಂದು ಪ್ರಶ್ನೆಯೂ ಇಲ್ಲ. ಸುದ್ದಿ ಮನೆಗೆ ಮುಟ್ಟುವಷ್ಟರಲ್ಲಿ ಬೆಂಗಳೂರಿನ ಮಗ ರಜಾ ಹಾಕಿ ಹೊರಟಿರುತ್ತಾನೆ, ಅಳಿಯ ಶಾಮಿಯಾನಾದವನಿಗೆ ಫೋನ್ ಮಾಡಿರುತ್ತಾನೆ. ಅಜ್ಜ ಮಾತ್ರ ಆರಾಮಾಗಿ ಉಪ್ಪಿಟ್ಟು ತಿನ್ನುತ್ತಿರುತ್ತಾರೆ. ಇಲ್ಲಿಗೆ ಬಂದಾಗ ನನಗೆ ಗ್ಯಾರಂಟಿ ಆಯಿತು, ಇದು ರೀಲ್ಸ್ ಅಲ್ಲ.

ಒಂದು ದೃಶ್ಯ ಬರೆದು ತೋರಿಸಿ.

ಆಗಲಿ.

ದೃಶ್ಯ 4. ಬಸ್ ನಿಲ್ದಾಣ, ವಿಚಾರಣೆ ಕೌಂಟರ್. ಹಗಲು.

ಕಂಬಿ ಹಾಕಿದ ಕಿಟಕಿ. ಒಳಗೆ ಕಂಟ್ರೋಲರ್ ಶಿವಣ್ಣ (50) ದಪ್ಪ ರಿಜಿಸ್ಟರ್‌ನಲ್ಲಿ ಬರೆಯುತ್ತಿದ್ದಾರೆ. ಹೊರಗೆ ಹಲಸಿನ ಹಣ್ಣಿನ ಚೀಲ ಹಿಡಿದ ನಾಗರಾಜ (35). ಅವನ ಹಿಂದೆ ಒಬ್ಬ ಅಜ್ಜಿ.

ನಾಗರಾಜ: ಸರ್, ತಿಪಟೂರು ಬಸ್ ಎಷ್ಟೊತ್ತಿಗೆ?

ಶಿವಣ್ಣ (ತಲೆ ಎತ್ತದೆ): ಆಸ್ಪತ್ರೆ ಬಲಗಡೆಗೆ. ಪೆಟ್ರೋಲ್ ಬಂಕ್ ದಾಟಿದ ಮೇಲೆ.

ನಾಗರಾಜ: ಆಸ್ಪತ್ರೆ ನಾನೆಲ್ಲಿ ಕೇಳಿದೆ ಸಾರ್?

ಶಿವಣ್ಣ: ನಾಳೆ ಕೇಳ್ತೀರಿ.

ನಾಗರಾಜ: ನಾಳೆ ನಾನು ಈ ಊರಲ್ಲೇ ಇರಲ್ಲ.

ಶಿವಣ್ಣ ರಿಜಿಸ್ಟರನ್ನು ಅವನ ಕಡೆ ತಿರುಗಿಸುತ್ತಾರೆ. ಬೆರಳಿಟ್ಟು ತೋರಿಸುತ್ತಾರೆ.

ಶಿವಣ್ಣ: ಹನ್ನೊಂದು ಇಪ್ಪತ್ತು. ನಾಗರಾಜ ಬಿನ್ ರಾಮಯ್ಯ. ನೀವೇ ತಾನೇ?

ನಾಗರಾಜ: ಹೌದು. ಯಾರಿಗೆ ಏನಾಯ್ತು ಸಾರ್?

ಶಿವಣ್ಣ: ಅದನ್ನ ನೀವು ಕೇಳಲ್ಲ. ಆಸ್ಪತ್ರೆ ಎಲ್ಲಿ ಅಂತ ಅಷ್ಟೇ ಕೇಳ್ತೀರಿ.

ಅಜ್ಜಿ: ಏನಪ್ಪಾ, ನಿಂದಾಯ್ತಲ್ಲ, ಸರಿ ಆ ಕಡೆ. ನಂಗೂ ನಾಳೆ ಕೆಲಸ ಐತೆ.

ಇಲ್ಲಿ ಜೋಕ್ ಅಂತ ಎತ್ತಿ ತೋರಿಸುವ ಸಾಲು ಒಂದೂ ಇಲ್ಲ. ಕೆಲಸ ಮಾಡುತ್ತಿರುವುದು "ಬಿನ್ ರಾಮಯ್ಯ" ಮತ್ತು "ಹನ್ನೊಂದು ಇಪ್ಪತ್ತು". ದಾಖಲೆ ಅಷ್ಟು ಪಕ್ಕಾ ಇದ್ದರೆ ಹುಚ್ಚು ನಿಜ ಆಗುತ್ತದೆ. ನಾಗರಾಜನ ಭಯ ನಿಜವಾದ ಭಯ, ಅವನನ್ನು ಪೆದ್ದನನ್ನಾಗಿ ಮಾಡಿಲ್ಲ. ಇಡೀ ದೃಶ್ಯದಲ್ಲಿ ಮುಖ್ಯವಾದವರು ಅಜ್ಜಿ. ಆ ಊರಿಗೆ ಇದು ರೂಢಿ ಅನ್ನುವುದನ್ನು ಅವರ ಒಂದು ಮಾತು ಹೇಳಿಬಿಡುತ್ತದೆ. ಅವರಿಲ್ಲದಿದ್ದರೆ ನೀವು ಅದನ್ನು ವಾಯ್ಸ್ ಓವರ್‌ನಲ್ಲಿ ವಿವರಿಸಬೇಕಾಗುತ್ತಿತ್ತು.

ಹಾಗಾದ್ರೆ ಪಂಚ್ ಡೈಲಾಗ್ ಬೇಡ್ವಾ?

ಬೇಡ. ಪಂಚ್ ಹೊಡೆಯುವ ಪಾತ್ರಕ್ಕೆ ತಾನು ಕಾಮಿಡಿಯಲ್ಲಿದ್ದೇನೆ ಅಂತ ಗೊತ್ತಿರುತ್ತದೆ. ಅಸಂಗತ ಹಾಸ್ಯದಲ್ಲಿ ಅದು ಯಾರಿಗೂ ಗೊತ್ತಿರಬಾರದು.

ಪಂಚ್ ಬದಲು ಕಚೇರಿ ಕನ್ನಡ ಕಲಿಯಿರಿ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ", "ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ", "ಸದರಿಯವರು" ಇಂಥ ಮಾತುಗಳು ಚಿನ್ನ. "ಸದರಿಯವರು ನಾಳೆಯ ಉತ್ತರವನ್ನು ಇಂದೇ ನೀಡಿ ಕರ್ತವ್ಯಲೋಪ ಎಸಗಿರುತ್ತಾರೆ" ಅಂತ ಡಿಪೋ ಮ್ಯಾನೇಜರ್ ಗಂಭೀರವಾಗಿ ಓದಿದರೆ ಸಾಕು. ತಾಲ್ಲೂಕು ಕಚೇರಿ, ಸಹಕಾರ ಬ್ಯಾಂಕು, ಕಲ್ಯಾಣ ಮಂಟಪದ ಮ್ಯಾನೇಜರ್ ರೂಮು, ಆರ್ಕೆಸ್ಟ್ರಾ ರಿಹರ್ಸಲ್, ಇಲ್ಲೆಲ್ಲ ಸುಮ್ನೆ ಒಂದು ಗಂಟೆ ಕೂತು ಬನ್ನಿ.

ಇನ್ನೊಂದು ಮಾತು. ಮಂಗಳೂರು, ಧಾರವಾಡ, ಮಂಡ್ಯ ಕನ್ನಡವನ್ನು ನಗಿಸುವುದಕ್ಕೆ ಅಂತ ತರಬೇಡಿ. ಪಾತ್ರ ಆ ಊರಿನದಾದರೆ ಆ ಮಾತು ಬರಲಿ. ಉಚ್ಚಾರಣೆ ಕೇಳಿ ನಗುವ ಪ್ರೇಕ್ಷಕ ಕಥೆಯನ್ನು ಕೇಳುವುದು ಬಿಟ್ಟಿರುತ್ತಾನೆ.

ಇಂಟರ್ವಲ್‌ಗೆ ಏನು ಮಾಡೋದು?

ಸಾಮಾನ್ಯ ಕಥೆಯಲ್ಲಿ ಇಂಟರ್ವಲ್ ಹತ್ತಿರ ಒಂದು ತಿರುವು ಬರುತ್ತದೆ. ನಮ್ಮಲ್ಲಿ ನಿಯಮವೇ ತಿರುಗಿ ಬೀಳಬೇಕು. ಅದಕ್ಕೆ ಹೊಸ ಹುಚ್ಚು ತರುವಂತಿಲ್ಲ, ಹಳೆಯದರ ಒಳಗಿಂದಲೇ ಬರಬೇಕು.

ಒಂದು ಸಂಜೆ ಶಿವಣ್ಣ ನಾಳೆಯ ಪುಟ ತೆಗೆಯುತ್ತಾರೆ. ಖಾಲಿ. ಇಡೀ ಊರಲ್ಲಿ ನಾಳೆ ಯಾರೂ ಏನೂ ಕೇಳುವುದಿಲ್ಲ. ಅಜ್ಜನ ವಿಷಯದಲ್ಲಿ ಏನಾಯಿತು ಅಂತ ಪ್ರೇಕ್ಷಕರಿಗೆ ಗೊತ್ತಿದೆ. ಈಗ ಊರಿಗೆ ಊರೇ ಆ ಸ್ಥಿತಿಯಲ್ಲಿದೆ. ಇಂಟರ್ವಲ್. ಸೆಕೆಂಡ್ ಹಾಫ್ ಶುರುವಾದ ಮೇಲೆ, ಜನ ಸಾಲ ತೀರಿಸಿ, ದೇವರಿಗೆ ಮುಡಿಪು ಕಟ್ಟಿ, ಹಳೇ ಜಗಳ ಎಲ್ಲ ರಾಜಿ ಮಾಡಿಕೊಂಡ ಮೇಲೆ ಗೊತ್ತಾಗುತ್ತದೆ: ನಾಳೆ ಸಾರಿಗೆ ನೌಕರರ ಮುಷ್ಕರ. ಕೌಂಟರ್ ಬಂದ್. ತೀರಿಸಿದ ಸಾಲ ವಾಪಸ್ ಕೇಳೋಕೆ ಆಗುತ್ತಾ? ಅಲ್ಲಿಂದ ಮುಂದಿನ ಗಲಾಟೆ ತಾನೇ ಬರೆಸಿಕೊಂಡು ಹೋಗುತ್ತದೆ.

ಒಟ್ಟು ಉದ್ದ ಎರಡು ಗಂಟೆಯ ಒಳಗೆ ಇರಲಿ. ನೂರು ನಿಮಿಷದಲ್ಲಿ ಮುಗಿದರೆ ಇನ್ನೂ ಒಳ್ಳೆಯದು. ಒಂದೇ ಹುಚ್ಚನ್ನು ಎರಡೂವರೆ ಗಂಟೆ ಎಳೆದರೆ ಅದು ಪ್ರೇಕ್ಷಕರಿಗೆ ಹಿಡಿಯುತ್ತದೆ.

ಕೊನೆಗೆ "ಇದೆಲ್ಲ ಕನಸು" ಅಂತ ಮುಗಿಸಬಹುದಾ?

ಬೇಡ.

ವಿಜ್ಞಾನದ ಕಾರಣ, ದೇವರ ಶಾಪ, ಏನಾದರೂ ವಿವರಣೆ?

ಅದೂ ಬೇಡ. ಕಾರಣ ಸಿಕ್ಕ ಕೂಡಲೇ ಅದು ಮಾಂತ್ರಿಕ ಕಥೆಯೋ ಸೈನ್ಸ್ ಫಿಕ್ಷನ್ನೋ ಆಗಿಬಿಡುತ್ತದೆ. ಅವು ಕೆಟ್ಟವಲ್ಲ, ಬೇರೆ ಸಿನಿಮಾ ಅಷ್ಟೇ.

ಸಂದೇಶ?

ಬರೆಯುವಾಗ ಹುಡುಕಬೇಡಿ. ವಿಮರ್ಶಕರು ಹುಡುಕಿಕೊಡುತ್ತಾರೆ.

ಯಾವ ಸಾಫ್ಟ್‌ವೇರ್? ಫಾರ್ಮ್ಯಾಟ್ ಹೇಗೆ?

ಯೂನಿಕೋಡ್ ಕನ್ನಡ ಸರಿಯಾಗಿ ತೋರಿಸುವ ಯಾವುದಾದರೂ ಸಾಕು. ಗೂಗಲ್ ಡಾಕ್ಸ್‌ನಲ್ಲೇ ಬರೆಯುವವರು ಜಾಸ್ತಿ. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಬರೆದದ್ದಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿ. ಇಲ್ಲದಿದ್ದರೆ ನಿರ್ಮಾಪಕರ ಫೋನಿನಲ್ಲಿ ನಿಮ್ಮ ಚಿತ್ರಕಥೆ ಬರೀ ಚಿಹ್ನೆಗಳ ಸಂತೆ ಆಗಿ ತೆರೆದುಕೊಳ್ಳುತ್ತದೆ. ಕಳಿಸುವಾಗ ಪಿಡಿಎಫ್ ಕಳಿಸಿ.

ಎಡಗಡೆ ದೃಶ್ಯ, ಬಲಗಡೆ ಮಾತು ಅನ್ನುವ ಎರಡು ಕಾಲಂ ಪದ್ಧತಿ ನಮ್ಮಲ್ಲಿ ಹಳೆಯದು. ಈಗ ಹೆಸರು ನಡುವೆ, ಅದರ ಕೆಳಗೆ ಮಾತು ಅನ್ನುವ ಪದ್ಧತಿಯೂ ಬಳಕೆಯಲ್ಲಿದೆ. ಎರಡರಲ್ಲಿ ಒಂದನ್ನು ಹಿಡಿದು ಕೊನೆವರೆಗೂ ಅದನ್ನೇ ಅನುಸರಿಸಿ. ಒಂದು ಪುಟಕ್ಕೆ ಒಂದು ನಿಮಿಷ ಅನ್ನುವ ಲೆಕ್ಕ ಇಂಗ್ಲಿಷ್ ಟೈಪ್‌ರೈಟರ್ ಅಕ್ಷರದ್ದು, ಕನ್ನಡಕ್ಕೆ ನಂಬುವಂತಿಲ್ಲ. ಗಟ್ಟಿಯಾಗಿ ಓದಿ ಗಡಿಯಾರ ನೋಡಿ. ಈ ಜಾನರ್‌ನಲ್ಲಿ ಮೌನಗಳು ಜಾಸ್ತಿ, ಅವುಗಳಿಗೂ ಟೈಮ್ ಹಿಡಿಯಿರಿ.

ಕಥೆ ಕದ್ದರೆ ಏನು ಮಾಡೋದು?

ಮೊದಲು ಒಂದು ಕಹಿ ಸತ್ಯ. ಐಡಿಯಾಕ್ಕೆ ಕಾಪಿರೈಟ್ ಇಲ್ಲ. ಬರೆದು ಮುಗಿಸಿದ ರೂಪಕ್ಕೆ ಇದೆ. 1978ರಲ್ಲಿ ಸುಪ್ರೀಂ ಕೋರ್ಟ್ ಆರ್.ಜಿ. ಆನಂದ್ ಪ್ರಕರಣದಲ್ಲಿ ಇದನ್ನೇ ಹೇಳಿತು. ತನ್ನ ನಾಟಕವನ್ನು ಸಿನಿಮಾದವರು ಎತ್ತಿಕೊಂಡರು ಅಂತ ನಾಟಕಕಾರ ಕೋರ್ಟಿಗೆ ಹೋಗಿದ್ದರು. ವಸ್ತು ಒಂದೇ ಆದರೂ ನಡೆಸಿದ ರೀತಿ ಬೇರೆ ಅಂತ ಹೇಳಿ ಕೋರ್ಟು ಅವರ ದಾವೆಯನ್ನು ಒಪ್ಪಲಿಲ್ಲ. ಹಾಗಾಗಿ "ನಾಳೆಯ ಉತ್ತರ ಕೊಡುವ ಕಂಟ್ರೋಲರ್" ಅನ್ನುವ ಒಂದು ಸಾಲು ನಿಮ್ಮದಲ್ಲ. ಅಜ್ಜ, ದಲ್ಲಾಳಿ, ಖಾಲಿ ಪುಟ, ಮುಷ್ಕರ ಎಲ್ಲವನ್ನೂ ದೃಶ್ಯವಾಗಿ ಬರೆದಾಗ ಅದು ನಿಮ್ಮದು. ಟೀ ಕುಡಿಯುತ್ತಾ ಒನ್‌ಲೈನ್ ಹಂಚುವ ಅಭ್ಯಾಸ ಇದ್ದರೆ ಬಿಡಿ.

ನೋಂದಣಿ ಕಡ್ಡಾಯ ಅಲ್ಲ, ಬರೆದ ಕ್ಷಣದಿಂದ ಹಕ್ಕು ಇದೆ. ಆದರೆ ಜಗಳ ಬಂದಾಗ ತಾರೀಖು ಬೇಕು. ಕೇಂದ್ರ ಸರ್ಕಾರದ ಕಾಪಿರೈಟ್ ಕಚೇರಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ. ಅರ್ಜಿ ಹಾಕಿದ ಕೂಡಲೇ ಡೈರಿ ನಂಬರ್ ಸಿಗುತ್ತದೆ. ಆಕ್ಷೇಪಣೆಗೆ 30 ದಿನ ಕಾಯುತ್ತಾರೆ, ಆಮೇಲೆ ಪರಿಶೀಲನೆ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಾದರೆ ಅಲ್ಲಿಯೂ ಸ್ಕ್ರಿಪ್ಟ್ ನೋಂದಾಯಿಸಬಹುದು. ನಿಮಗೆ ನೀವೇ ರಿಜಿಸ್ಟರ್ಡ್ ಪೋಸ್ಟ್ ಕಳಿಸಿಕೊಂಡು ಒಡೆಯದೆ ಇಡುವ ಹಳೇ ಉಪಾಯವನ್ನು ನೆಚ್ಚಿಕೊಳ್ಳಬೇಡಿ.

ಕಥೆ ಹೇಳಿ ಬಂದ ದಿನವೇ "ಇವತ್ತು ಭೇಟಿಗೆ ಸಮಯ ಕೊಟ್ಟಿದ್ದಕ್ಕೆ ಥ್ಯಾಂಕ್ಸ್, ಹೇಳಿದ ಕಥೆಯ ಸಾರಾಂಶ ಲಗತ್ತಿಸಿದ್ದೇನೆ" ಅಂತ ಒಂದು ಈಮೇಲ್ ಹಾಕಿ. ಜಗಳದ ಮಾತಿಲ್ಲದೆ ದಾಖಲೆ ಆಗುತ್ತದೆ.

ಒಳ್ಳೇ ಟೈಟಲ್ ಹೊಳೆದಿದೆ. ರಿಜಿಸ್ಟರ್ ಮಾಡಿಸಬಹುದಾ?

ಟೈಟಲ್ ನೋಂದಣಿ ಆಗುವುದು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಂಥ ನಿರ್ಮಾಪಕರ ಸಂಸ್ಥೆಗಳಲ್ಲಿ, ಸದಸ್ಯತ್ವ ಇರುವ ನಿರ್ಮಾಣ ಸಂಸ್ಥೆಯ ಹೆಸರಲ್ಲಿ. ಬರಹಗಾರ ಒಬ್ಬನೇ ಹೋದರೆ ಆಗುವುದಿಲ್ಲ. ಟೈಟಲ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ, ಹೇಗೂ ಬದಲಾಗುತ್ತದೆ.

ನಿರ್ಮಾಪಕರಿಗೆ ಇಂಥ ಕಥೆ ಹೇಗೆ ಹೇಳೋದು?

ಎಲ್ಲರೂ ಎಡವುವುದು ಇಲ್ಲೇ. ಗಾಂಧಿನಗರದ ಪದ್ಧತಿ ಅಂದರೆ ನರೇಷನ್. ಪಿಡಿಎಫ್ ಓದುವವರು ಕಡಿಮೆ, ಕೂರಿಸಿಕೊಂಡು ಕೇಳುವವರು ಜಾಸ್ತಿ. ನಡುವೆ ಎರಡು ಫೋನ್ ಬರುತ್ತದೆ, ಯಾರೋ ಮದುವೆ ಕಾರ್ಡ್ ಕೊಡೋಕೆ ಬರುತ್ತಾರೆ. ಥ್ರಿಲ್ಲರ್ ಆದರೆ ಪ್ಲಾಟ್ ಹೇಳಿ ಪಾರಾಗಬಹುದು. ಅಸಂಗತ ಹಾಸ್ಯದ ಪ್ಲಾಟ್ ಹೇಳಿದರೆ ಕೇಳಿದವರಿಗೆ ನಿಮ್ಮ ಆರೋಗ್ಯದ ಬಗ್ಗೆ ಚಿಂತೆ ಶುರುವಾಗುತ್ತದೆ.

ಆದ್ದರಿಂದ ಪ್ಲಾಟ್ ಹೇಳಬೇಡಿ, ದೃಶ್ಯ ಆಡಿ ತೋರಿಸಿ. ನಿಯಮವನ್ನು ಒಂದೇ ವಾಕ್ಯದಲ್ಲಿ ಹೇಳಿ, ನೇರ ದೃಶ್ಯ 4ಕ್ಕೆ ಹೋಗಿ. ಮುಖದಲ್ಲಿ ನಗು ಇರಬಾರದು. ಶಿವಣ್ಣನ ಮಾತನ್ನು ನಿಜವಾದ ಕಂಟ್ರೋಲರ್ ಹೇಳಿದ ಹಾಗೇ ಬೇಜಾರಲ್ಲಿ ಹೇಳಿ. ಅಜ್ಜಿಯ ಮಾತಿಗೆ ನಕ್ಕರು ಅಂದರೆ ಅರ್ಧ ಕೆಲಸ ಆಯಿತು. ಆಮೇಲೆ ಅಜ್ಜನ ಎಪಿಸೋಡ್, ಆಮೇಲೆ ಇಂಟರ್ವಲ್. ಅಲ್ಲಿ ನಿಲ್ಲಿಸಿ. "ಮುಂದೆ?" ಅಂತ ಅವರೇ ಕೇಳಬೇಕು. ಕೇಳಲಿಲ್ಲ ಅಂದರೆ ಎದ್ದು ನಮಸ್ಕಾರ ಹೇಳಿ, ಬಲವಂತ ಮಾಡಬೇಡಿ.

ನರೇಷನ್‌ಗೆ ಮೊದಲು ಒಂದು ಸಲ ಓದು ಏರ್ಪಡಿಸಿ. ನಾಟಕ ತಂಡದ ಐದಾರು ಜನ ಗೆಳೆಯರು, ಒಂದು ಕೋಣೆ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ನೀವು ಓದಬೇಡಿ, ಮೂಲೆಯಲ್ಲಿ ಕೂತು ಎಲ್ಲಿ ನಗು ಬಂತು, ಎಲ್ಲಿ ಕೆಮ್ಮು ಬಂತು ಗುರುತು ಹಾಕಿ. ಕೆಮ್ಮು ಬಂದ ಕಡೆ ಬಹುಪಾಲು ನೀವು ವಿವರಣೆ ಕೊಟ್ಟಿರುತ್ತೀರಿ. ಕನ್ನಡದಲ್ಲಿ ಬರೆಯುವವರಿಗೆ ಇದೊಂದು ಭಾಗ್ಯ. ಹೆಗ್ಗೋಡಿನ ನೀನಾಸಂ, ಮೈಸೂರಿನ ರಂಗಾಯಣದಲ್ಲಿ ಕಲಿತು ಬಂದ ನಟರು ಊರೂರಲ್ಲಿ ಇದ್ದಾರೆ. ಒಳ್ಳೆಯ ಪಾತ್ರ, ಬಿಸಿ ಊಟ ಎರಡೂ ಇದ್ದರೆ ಓದೋಕೆ ಬರುತ್ತಾರೆ.

"ಚೆನ್ನಾಗಿದೆ, ಆದ್ರೆ ಸ್ವಲ್ಪ ಕಮರ್ಷಿಯಲ್ ಮಾಡಿ" ಅಂದ್ರು. ಏನು ಮಾಡಲಿ?

ಏನು ಸೇರಿಸಬೇಕು ಅಂತ ಕೇಳಿ. ಹಾಡು ಅಂದರೆ ಒಪ್ಪಿಕೊಳ್ಳಿ, ಹಾಡಿನಿಂದ ಈ ಜಾನರ್‌ಗೆ ಏನೂ ತೊಂದರೆ ಇಲ್ಲ. ಪ್ರೀತಿ ಬೇಕು ಅಂದರೆ ಅದಕ್ಕೂ ದಾರಿ ಇದೆ: ನಾಳೆ ಹುಡುಗಿ ಏನು ಕೇಳುತ್ತಾಳೆ ಅಂತ ತಿಳಿಯೋಕೆ ದಿನಾ ಕೌಂಟರ್‌ಗೆ ಬರುವ ಹುಡುಗ. ಫೈಟ್ ಬೇಕು ಅಂದರೂ ಬಗ್ಗಬಹುದು. "ಹೀರೋ ಮಾತ್ರ ನಾರ್ಮಲ್ ಇರಲಿ, ಅವನು ಎಲ್ಲರನ್ನೂ ನೋಡಿ ನಗಲಿ" ಅಂದರೆ ಮಾತ್ರ ಒಪ್ಪಬೇಡಿ. ಅದನ್ನು ಒಪ್ಪಿದ ದಿನ ಊರಿನವರೆಲ್ಲ ಪೆದ್ದರಾಗುತ್ತಾರೆ, ನಿಮ್ಮ ಸಿನಿಮಾ ಗೇಲಿ ಆಗುತ್ತದೆ. ನನಗೂ ಒಬ್ಬ ನಿರ್ಮಾಪಕರು ಇದೇ ಸಲಹೆ ಕೊಟ್ಟು, ಅಡ್ವಾನ್ಸ್ ಕವರನ್ನು ಟೇಬಲ್ ಮೇಲೆ ಇಟ್ಟು ತೋರಿಸಿ, ಮತ್ತೆ ಡ್ರಾಯರ್‌ಗೆ ಹಾಕಿಕೊಂಡಿದ್ದರು.

ನಿರ್ಮಾಪಕರೇ ಸಿಗದಿದ್ದರೆ?

ಕನ್ನಡದಲ್ಲಿ ಜನರಿಂದ ದುಡ್ಡು ಸೇರಿಸಿ ಮಾಡಿದ ಸಿನಿಮಾಗಳ ದಾರಿ ಇದೆ. 2013ರಲ್ಲಿ ಬಂದ 'ಲೂಸಿಯಾ'ಗೆ ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 51 ಲಕ್ಷ ರೂಪಾಯಿ ಹಾಕಿದ್ದರು. 2023ರ 'ಡೇರ್‌ಡೆವಿಲ್ ಮುಸ್ತಫಾ'ಕ್ಕೆ ಪೂರ್ಣಚಂದ್ರ ತೇಜಸ್ವಿಯವರ ಓದುಗರೇ ದುಡ್ಡು ಹಾಕಿ ಮುಂದೆ ಬಂದರು. ಎರಡರಲ್ಲೂ ದುಡ್ಡು ಕೊಟ್ಟವರಿಗೆ ನಂಬುವುದಕ್ಕೆ ಮೊದಲೇ ಏನೋ ಒಂದು ಇತ್ತು, ಒಂದರಲ್ಲಿ ನಿರ್ದೇಶಕರ ಹಿಂದಿನ ಕೆಲಸ, ಇನ್ನೊಂದರಲ್ಲಿ ಪ್ರೀತಿಯ ಲೇಖಕರು. ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲದಿದ್ದರೆ ಮೊದಲು ಒಂದು ಕಿರುಚಿತ್ರ ಮಾಡಿ. ದೃಶ್ಯ 4, ಅಜ್ಜನ ಎಪಿಸೋಡ್ ಎರಡೇ ಸೇರಿಸಿದರೂ ಹನ್ನೆರಡು ನಿಮಿಷದ ಒಳ್ಳೇ ಚಿತ್ರ ಆಗುತ್ತದೆ. ನರೇಷನ್‌ಗೆ ಹೋದಾಗ ಆಡಿ ತೋರಿಸುವ ಕಷ್ಟವೂ ತಪ್ಪುತ್ತದೆ, ಫೋನ್ ಕೈಗೆ ಕೊಟ್ಟರೆ ಆಯಿತು.

ಕೇಂದ್ರ ಸರ್ಕಾರದ ಎನ್‌ಎಫ್‌ಡಿಸಿ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ನಡೆಸುವ ಚಿತ್ರಕಥೆ ಲ್ಯಾಬ್‌ಗೆ ಯಾವ ಭಾರತೀಯ ಭಾಷೆಯ ಕಥೆಯನ್ನಾದರೂ ಕಳಿಸಬಹುದು, ಅರ್ಜಿ ಇಂಗ್ಲಿಷ್‌ನಲ್ಲಿ ಬೇಕು. ಗೋವಾದಲ್ಲಿ ನವೆಂಬರ್ ಹೊತ್ತಿಗೆ ನಡೆಯುವ ಫಿಲ್ಮ್ ಬಜಾರ್ ಅನ್ನುವ ಸಿನಿಮಾ ಮಾರುಕಟ್ಟೆಗೆ ಹೊರರಾಜ್ಯ, ಹೊರದೇಶದ ನಿರ್ಮಾಪಕರು ಬರುತ್ತಾರೆ. ವಿಚಿತ್ರ ಏನು ಗೊತ್ತಾ? ಬೆಂಗಳೂರಿನಲ್ಲಿ "ತುಂಬಾ ಲೋಕಲ್" ಅನ್ನಿಸಿಕೊಂಡ ಕಥೆಗೆ ಅಲ್ಲಿ ಅದೇ ಕಾರಣಕ್ಕೆ ಕುರ್ಚಿ ಕೊಟ್ಟು ಕೂರಿಸುತ್ತಾರೆ. ರಾಜ್ಯ ಸರ್ಕಾರದ ಸಹಾಯಧನ ಇದೆ, ಆದರೆ ಅದು ಸಿನಿಮಾ ಮುಗಿದು ಸೆನ್ಸಾರ್ ಆದ ಮೇಲಿನ ಮಾತು. ಅದನ್ನು ನಂಬಿ ಬಡ್ಡಿಗೆ ಸಾಲ ತರಬೇಡಿ.

ಬಜೆಟ್ ಕಡಿಮೆ ಆಗೋ ಹಾಗೆ ಬರೆಯೋದು ಹೇಗೆ?

ಒಂದು ಮುಖ್ಯ ಜಾಗ, ಹಗಲಿನ ದೃಶ್ಯಗಳು, ಹಿಡಿಯಷ್ಟು ಪಾತ್ರಗಳು. ನಡೆಯುತ್ತಿರುವ ಬಸ್ ನಿಲ್ದಾಣದಲ್ಲಿ ಶೂಟಿಂಗ್ ಅಂದರೆ ಅನುಮತಿ, ಬಾಡಿಗೆ, ಮೇಲೆ ಕ್ಯಾಮೆರಾ ನೋಡೋಕೆ ನಿಲ್ಲುವ ಜನ. ಕೌಂಟರ್ ಒಂದನ್ನೇ ಸೆಟ್ ಹಾಕಿ, ಬಸ್ಸನ್ನು ಶಬ್ದದಲ್ಲಿ ಮಾತ್ರ ತನ್ನಿ. ಕಾಣದ ಬಸ್ಸು ಈ ಕಥೆಗೆ ಇನ್ನೂ ಚೆನ್ನಾಗಿ ಹೊಂದುತ್ತದೆ.

ಪ್ರಾಣಿಗಳ ವಿಷಯದಲ್ಲಿ ಹುಷಾರು. ಅಸಂಗತ ಅಂದ ಕೂಡಲೇ ಎಲ್ಲರಿಗೂ ಒಂದು ಎಮ್ಮೆ ಬೇಕು. ಎಮ್ಮೆಯೋ ನಾಯಿಯೋ ಪಾತ್ರ ಮಾಡುವುದಾದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯಿಂದ ಶೂಟಿಂಗ್‌ಗೆ ಮೊದಲೇ ಅನುಮತಿ ಬೇಕು. ಅದರ ಕಚೇರಿ ಇರುವುದು ಹರಿಯಾಣದ ಬಲ್ಲಭ್‌ಗಢದಲ್ಲಿ. ಆಮೇಲೆ ಆಕ್ಷೇಪವಿಲ್ಲ ಅನ್ನುವ ಪತ್ರ ಇಲ್ಲದೆ ಸೆನ್ಸಾರ್ ಮುಂದೆ ಹೋಗುವುದಿಲ್ಲ. ಮೂರು ಸೆಕೆಂಡಿನ ಎಮ್ಮೆಗಾಗಿ ತಿಂಗಳುಗಟ್ಟಲೆ ಪತ್ರ ವ್ಯವಹಾರ ಮಾಡುವ ಪ್ರೊಡಕ್ಷನ್ ಮ್ಯಾನೇಜರ್ ನಿಮ್ಮನ್ನು ಜನ್ಮದಲ್ಲಿ ಮರೆಯುವುದಿಲ್ಲ. ಮಕ್ಕಳ ಪಾತ್ರಕ್ಕೂ ನಿಯಮ ಇದೆ, ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ.

ಸೆನ್ಸಾರ್‌ನಲ್ಲಿ ತೊಂದರೆ ಬರುತ್ತಾ?

ಚಿತ್ರಕಥೆಯನ್ನು ಮೊದಲೇ ಒಪ್ಪಿಸಬೇಕಾಗಿಲ್ಲ, ಮುಗಿದ ಸಿನಿಮಾ ತೋರಿಸಬೇಕು. 2023ರ ತಿದ್ದುಪಡಿಯ ನಂತರ ಯುಎ (ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಚಿತ್ರ) ಒಳಗೆ 7, 13, 16 ವರ್ಷ ಮೇಲ್ಪಟ್ಟವರು ಅಂತ ಮೂರು ಭಾಗ ಆಗಿದೆ. ಕಚೇರಿಗಳನ್ನು ಗೇಲಿ ಮಾಡುವ ಕಥೆಗೆ ನಿಜವಾದ ನಿಗಮದ ಹೆಸರು, ಲಾಂಛನ, ಸಮವಸ್ತ್ರದ ಬಣ್ಣ ಬಳಸಬೇಡಿ. ನಿಮ್ಮದೇ ಒಂದು ಇಲಾಖೆ ಹುಟ್ಟಿಸಿ, ಅದಕ್ಕೊಂದು ಮೊಹರು ಮಾಡಿಸಿ. ಅದೂ ಒಂದು ಖುಷಿ.

ಅಗ್ರಿಮೆಂಟ್‌ನಲ್ಲಿ ಏನು ನೋಡಬೇಕು?

ಅಗ್ರಿಮೆಂಟ್ ಇದೆಯಾ ಅಂತ ಮೊದಲು ನೋಡಬೇಕು. "ನಮ್ಮ ಮಧ್ಯೆ ಅದೆಲ್ಲ ಯಾಕೆ ಗುರುಗಳೇ" ಅಂದವರ ಹತ್ತಿರ ಖಂಡಿತ ಬೇಕು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಸಹಿ ಹಾಕಿ ಆಗಬೇಕು. ಅವಧಿ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಎಲ್ಲೆಲ್ಲಿ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ತೆಗೆದುಕೊಂಡು ಒಂದು ವರ್ಷ ಬಳಸದೆ ಇಟ್ಟುಕೊಂಡರೆ ಆ ವರ್ಗಾವಣೆ ಬಿದ್ದುಹೋಗುತ್ತದೆ, ಅಗ್ರಿಮೆಂಟ್‌ನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ. ಆ "ಬೇರೆ ಥರ" ಅನ್ನುವ ಸಾಲು ಸಾಮಾನ್ಯವಾಗಿ ಮೂರನೇ ಪುಟದಲ್ಲಿ ಸಣ್ಣಗೆ ಇರುತ್ತದೆ, ಹುಡುಕಿ. 2012ರ ತಿದ್ದುಪಡಿ ಚಿತ್ರಮಂದಿರದ ಹೊರಗಿನ ಬಳಕೆಗೆ ಬರಹಗಾರರ ರಾಯಧನದ ಹಕ್ಕನ್ನೂ ಕಾಪಾಡುತ್ತದೆ. ಕೈಗೆ ಬರುವುದು ಬೇರೆ ಮಾತು, ಆದರೆ ನೀವಾಗಿ ಬಿಟ್ಟುಕೊಡಬೇಡಿ.

ಸಂಭಾವನೆ ಕಂತಿನಲ್ಲಿ ಇರಲಿ: ಸಹಿ ಹಾಕಿದಾಗ, ಮೊದಲ ಡ್ರಾಫ್ಟ್ ಕೊಟ್ಟಾಗ, ಶೂಟಿಂಗ್ ಶುರುವಾಗುವ ಮೊದಲು ಉಳಿದದ್ದು. "ರಿಲೀಸ್ ಆದ ಮೇಲೆ" ಅನ್ನುವ ಕಂತು ಬೇಡ. ಕಥೆ, ಚಿತ್ರಕಥೆ, ಸಂಭಾಷಣೆ ಮೂರರಲ್ಲಿ ಯಾವುದಕ್ಕೆ ನಿಮ್ಮ ಹೆಸರು, ಟೈಟಲ್ ಕಾರ್ಡಿನಲ್ಲಿ ಒಬ್ಬರೇ ಇರುತ್ತೀರಾ ಇನ್ನೊಬ್ಬರ ಜೊತೆಗಾ, ಅದನ್ನೂ ಬರೆಸಿ.

ಶೂಟಿಂಗ್ ಶುರುವಾದ ಮೇಲೆ ಬರಹಗಾರ ಸೆಟ್‌ಗೆ ಹೋಗಬೇಕಾ?

ಈ ಜಾನರ್‌ಗೆ ಹೋಗಲೇಬೇಕು. ಮೊದಲ ದಿನವೇ ಯಾರಾದರೂ ಒಬ್ಬ ನಟ ಕಣ್ಣು ಹೊರಳಿಸುತ್ತಾರೆ. ಯೂನಿಟ್ ನಗುತ್ತದೆ, ನಿರ್ದೇಶಕರಿಗೆ ಖುಷಿ, ಎರಡನೇ ದಿನ ಎಲ್ಲರೂ ಕಣ್ಣು ಹೊರಳಿಸುತ್ತಾರೆ. ಇದನ್ನು ನಟರಿಗೆ ನೀವು ಹೇಳಬಾರದು, ನಿರ್ದೇಶಕರ ಕಿವಿಯಲ್ಲಿ, ಊಟದ ಬ್ರೇಕ್‌ನಲ್ಲಿ ಹೇಳಬೇಕು.

ಇನ್ನೊಂದು ಕೆಲಸ, ನಿಯಮ ಕಾಯುವುದು. ಶಿವಣ್ಣ ಒಂದೇ ಒಂದು ಸಲ, ಅಪ್ಪಿತಪ್ಪಿ, "ಟಾಯ್ಲೆಟ್ ಎಲ್ಲಿ ಸಾರ್" ಅಂದವನಿಗೆ ಕೈ ತೋರಿಸಿಬಿಟ್ಟರೆ ಇವತ್ತಿನ ಪ್ರಶ್ನೆಗೆ ಉತ್ತರ ಕೊಟ್ಟ ಹಾಗಾಯಿತು, ಸಿನಿಮಾ ಅಲ್ಲೇ ತೂತು. ಬಟ್ಟೆ, ಗಡಿಯಾರದ ಕಂಟಿನ್ಯುಟಿ ನೋಡೋಕೆ ಅಸಿಸ್ಟೆಂಟ್ ಇರುತ್ತಾರೆ. ಹುಚ್ಚಿನ ಕಂಟಿನ್ಯುಟಿಗೆ ಯಾರೂ ಇರುವುದಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಂಡು ಮಾನಿಟರ್ ಹಿಂದೆ ಕೂತುಕೊಳ್ಳಿ. ಹೋಗಿ ಬರುವ ಖರ್ಚು, ಊಟ, ರೂಮು ಪ್ರೊಡಕ್ಷನ್‌ನವರದ್ದು ಅಂತ ಅಗ್ರಿಮೆಂಟ್‌ನಲ್ಲಿ ಮೊದಲೇ ಸೇರಿಸಿಬಿಡಿ, ಆಮೇಲೆ ಕೇಳಿದರೆ ಕೊಡುವುದಿಲ್ಲ.